ಮೂರು ಪನಿ

ಉಪ್ಪಳದ ಬಸ್‌ಸ್ಟ್ಯಾಂಡಿನ ಹಿಂದೆ, ಚಪ್ಪಲಿ ಅಂಗಡಿಯ ಮಾಳಿಗೆ.
ಇಪ್ಪತ್ತೊಂದು ಮೆಟ್ಟಿಲು ಹತ್ತಿ ಬಂದವರೆಲ್ಲ ಏದುತ್ತಾರೆ,
ಹಾಗಾಗಿ ಏದುಸಿರನ್ನು ನಾನು ರೋಗದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಜೂನ್ ಕೊನೆ. ಬೆಂಚಿನಲ್ಲಿ ಮೂವರು.
ಒಬ್ಬರಿಗೆ ಜರ, ಒಬ್ಬರಿಗೆ ಜ್ವರ, ಒಬ್ಬರಿಗೆ ಪನಿ.
ಕೆಮ್ಮು ಮಾತ್ರ ಒಂದೇ ಭಾಷೆ.

"ನಮ್ಮ ಹಳಗನ್ನಡದಲ್ಲಿ ಪನಿ ಅಂದರೆ ಹನಿ, ಗೊತ್ತುಂಟಾ?"
ಮಫ್ಲರಿನೊಳಗಿಂದ ಐತಪ್ಪ ಮಾಸ್ಟ್ರು.
ಗೊತ್ತುಂಟು. ಏಳನೇ ಕ್ಲಾಸಿನಲ್ಲಿ ನೀವೇ ಕಲಿಸಿದ್ದು.
ಈಗ ಮುಖ ಮೇಲೆತ್ತಿ. ಕಣ್ಣಲ್ಲಿ ನೀರು ಬರ್ತದೆ, ಹೆದರಬೇಡಿ.

ಹತ್ತಿಯ ಕಡ್ಡಿ ಎರಡೂ ಹೊಳ್ಳೆ ಸುತ್ತಿ ಹೊರಬಂತು.
ಕೊಳವೆಯ ದ್ರಾವಣದಲ್ಲಿ ತಿರುವಿ, ಹಿಂಡಿ,
ಕಾರ್ಡಿನ ಗುಳಿಗೆ ಎಣಿಸಿ ಮೂರು ಪನಿ.
ಅಂಚಿನಲ್ಲಿ ಪೆನ್ನಿನಿಂದ ಗಂಟೆ ಬರೆದೆ: ಹತ್ತು ಹನ್ನೆರಡು.

ಕಾಯುವ ಹದಿನೈದು ನಿಮಿಷ
ಬೆಂಚೇ ಡಾಕ್ಟರು.
ಹೊಸಬೆಟ್ಟಿನ ದೇಯಕ್ಕನಿಗೆ ಮೂರು ದಿನದಿಂದ
ಬುಟ್ಟಿಯ ಬೂತಾಯಿ ಮೂಗಿಗೆ ಹತ್ತುವುದಿಲ್ಲ.
"ಹಾಗಾದರೆ ಅದೇ" ಎಂದು ಮೊಯ್ದು ಅರ್ಧ ಅಡಿ ಸರಿದ.
ಮೊಯ್ದುವಿನದು ಬರೀ ಶೀತ,
ರಾತ್ರಿ ರಿಕ್ಷಾ ಓಡಿಸಿದ ಗಾಳಿಗೆ,
ಗಂಟಲಲ್ಲಿ ಒಂಚೂರು ಮುಳ್ಳು, ಅಷ್ಟೆ. ಅವನೇ ಹೇಳಿದ್ದು.

ಕಾರ್ಡು ಹೇಳಿದ್ದು ಬೇರೆ.
ದೇಯಕ್ಕನದು ಫ್ಲೂ, ಬಿ.
ಮೂಗು ಕಟ್ಟಿದರೂ ವಾಸನೆ ಊರು ಬಿಡುತ್ತದೆ.
ಮೊಯ್ದುವಿನದು ಕೋವಿಡ್.
ಅವನು ಸರಿದ ಅರ್ಧ ಅಡಿಯನ್ನು ದೇಯಕ್ಕ
ಮಾತಾಡದೆ, ಸೆರಗಿನಲ್ಲಿ ಬಾಯಿ ಮುಚ್ಚಿ, ಎರಡು ಅಡಿ ಮಾಡಿದಳು.

ಮಾಸ್ಟ್ರ ಕಾರ್ಡಿನಲ್ಲಿ 'ಎ' ಎದುರು ಗೆರೆ.
"ಮೇ ತಿಂಗಳಲ್ಲೇ ಚುಚ್ಚಿಸಿಕೊಂಡವ ನಾನು, ಪೆನ್ಶನ್ ದುಡ್ಡಿನಲ್ಲಿ!
ಏನು ಫಲ, ಜಲಜಾಕ್ಷಿ?"

ನೂರಕ್ಕೆ ನೂರು ಅಂತ ಯಾರೂ ಹೇಳಿಲ್ಲ, ಮಾಸ್ಟ್ರೇ.
ಒಳ್ಳೆ ವರ್ಷ ಐವತ್ತು, ಅರವತ್ತು. ಕೆಟ್ಟ ವರ್ಷ ಮೂವತ್ತು,
ನೀವಾದರೆ ಐದು ಕೃಪಾಂಕ ಕೊಟ್ಟು ಪಾಸು ಮಾಡುತ್ತಿದ್ದಿರಿ.
ಚೆಕ್‌ಪೋಸ್ಟಿನ ಪೊಲೀಸರ ಕೈಯಲ್ಲಿ ಕಳ್ಳನ ಹಳೆಯ ಫೋಟೋ,
ಅವನೋ ಮೀಸೆ ಬೋಳಿಸಿ ಬಸ್ಸಿನಲ್ಲಿ ಕೂತಿರುತ್ತಾನೆ.
ಕೆಲವೊಮ್ಮೆ ಕಿವಿ ನೋಡಿ ಹಿಡಿಯುತ್ತಾರೆ,
ಕೆಲವೊಮ್ಮೆ 'ಹೋಗು' ಅನ್ನುತ್ತಾರೆ.
ಆಚೆ ವರ್ಷ ಇದೇ ಜ್ವರಕ್ಕೆ ದೇರಳಕಟ್ಟೆಯಲ್ಲಿ
ಒಂಬತ್ತು ದಿನ, ಮೂಗಿಗೆ ಆಕ್ಸಿಜನ್ ನಳಿಗೆ.
ಈ ವರ್ಷ ನನ್ನ ಬೋರ್ಡಿನ 'ರಕ್ತ ಪರಿಕ್ಷೆ'ಗೆ
ದೀರ್ಘ ಕೊಡಿಸುತ್ತ ಕೂತಿದ್ದೀರಿ.
ಸೂಜಿಯದ್ದೇ ಅಂತ ಆಣೆ ಹಾಕಲಾರೆ.
ಇದ್ದರೂ ಇರಬಹುದು.

ಉತ್ತರ ಬರಲಿಲ್ಲ. ಕೆಮ್ಮಿದರು.
ಇಳಿಯುವಾಗ ಮೊಯ್ದುವಿಗೆ ಒಂದು ಮಾಸ್ಕು ಕೊಟ್ಟರು, ಜೇಬಿನಿಂದ.

ಅಪ್ಪನಿಗೆ ಕಾರ್ಡು ಇರಲಿಲ್ಲ.
ಆ ಏಪ್ರಿಲ್ ತಲಪಾಡಿಯ ರಸ್ತೆಗೆ ಮಣ್ಣು ಸುರಿದಿದ್ದರು,
ಮಂಗಳೂರು ಅರ್ಧ ಗಂಟೆ, ಮಣ್ಣು ಆಳೆತ್ತರ.
ಆಂಬುಲೆನ್ಸಿನ ಬೆಳಕು ಅದಕ್ಕೆ ಬಡಿದು ಹಿಂದೆ ಬಂತು, ನಾವೂ ಬಂದೆವು.
ಕುಂಬಳೆ ದಾಟುವಾಗ ಉಸಿರು ನಿಂತಿತು.
ಗಂಟಲ ದ್ರವ ಒಯ್ದವರು ವರದಿ ತರಲಿಲ್ಲ,
ಸೀಸೆಯ ಮೇಲಿನ ಹೆಸರು ಅಳಿಸಿಹೋಗಿತ್ತಂತೆ.
ಊರು ಹೇಳಿತು: ಅದೇ.
ಎರಡು ವಾರ ನಮ್ಮ ಬಾವಿಕಟ್ಟೆಗೆ ಯಾರೂ ಬರಲಿಲ್ಲ.
ಅದೇ ಇರಬಹುದು.
ಬರೀ ಫ್ಲೂ ಇರಬಹುದು.
ಫ್ಲೂಗಾದರೆ ಆಗಲೂ ಮಾತ್ರೆ ಇತ್ತು.

ಹೆಸರನ್ನು ನಾನು ಎರಡು ಸಲ ಬರೆಯುತ್ತೇನೆ,
ಒಮ್ಮೆ ಪೆನ್ಸಿಲಿನಲ್ಲಿ, ನೀರಿಗೆ ಅಳಿಯದ ಹಾಗೆ.
ಹದಿನೈದೆಂದರೆ ಹದಿನೈದು ನಿಮಿಷ, ಹದಿನಾಲ್ಕಲ್ಲ.
ಆಮೇಲೆ ಕಿಟಕಿಯ ಮಳೆಬೆಳಕಿಗೆ ಹಿಡಿದು ನೋಡುತ್ತೇನೆ.
ಮಸುಕಾದರೂ ಗೆರೆ ಗೆರೆಯೇ.

ಹತ್ತು ನಲವತ್ತೊಂದು.
ಮೆಟ್ಟಿಲಲ್ಲಿ ಯಾರೋ ಏದುತ್ತಿದ್ದಾರೆ,
ಮೆಟ್ಟಿಲಿಗೋ, ಬೇರೆಯದಕ್ಕೋ.